ಹನ್ನೊಂದು ಗೋಡೆ

ಕುಸಾಕಾ-ಸಾನ್ ಅವರ ಮುದ್ರೆ ಹತ್ತು ವರ್ಷದಿಂದ ಚಂದ್ರಪ್ರಭಾಳ ಮೇಜಿನ ಡ್ರಾಯರಿನಲ್ಲಿ ಬಿದ್ದಿತ್ತು.

ಕಿರುಬೆರಳಿನ ಗಾತ್ರದ ಕಡ್ಡಿ. ತುದಿಯಲ್ಲಿ ಅವರ ಹೆಸರು. ಜಪಾನಿನಲ್ಲಿ ಸಹಿ ಹಾಕುವ ಕಡೆ ಇದನ್ನು ಕೆಂಪು ಶಾಯಿಗೆ ಅದ್ದಿ ಒತ್ತುತ್ತಾರೆ. ಯೋಕೋಹಾಮಾದ ಆ ಕಚೇರಿಯಿಂದ ಹೊರಗೆ ಹೋಗುವ ಪ್ರತಿಯೊಂದು ನಕ್ಷೆಯ ಮೂಲೆಯಲ್ಲೂ ಮೂರು ಚೌಕಗಳಿರುತ್ತಿದ್ದವು. ಮಾಡಿದವರು, ಪರೀಕ್ಷಿಸಿದವರು, ಒಪ್ಪಿದವರು. ಮಾಡುತ್ತಿದ್ದವಳು ಚಂದ್ರಪ್ರಭಾ. ಪರೀಕ್ಷಿಸುತ್ತಿದ್ದವಳೂ ಅವಳೇ. ಕುಸಾಕಾ-ಸಾನ್ ಅವರ ಮುದ್ರೆ ತೆಗೆದು ಒತ್ತುತ್ತಿದ್ದವಳೂ ಅವಳೇ. ಅವಳ ಹೆಸರು ಮಾತ್ರ ಯಾವ ಚೌಕದಲ್ಲೂ ಇರಲಿಲ್ಲ.

"ನನಗೆ ಪುರುಸೊತ್ತಿಲ್ಲ ಚಂದ್ರಾ-ಸಾನ್. ನೀವೇ ಒತ್ತಿಬಿಡಿ" ಎಂದು ಮೊದಲ ವರ್ಷ ಅವರು ಅದನ್ನು ಕೊಟ್ಟು ಹೋಗಿದ್ದರು. ಮತ್ತೆ ವಾಪಸು ಕೇಳಲಿಲ್ಲ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಒತ್ತುವುದಕ್ಕೂ ಅಲ್ಲೊಂದು ಪದ್ಧತಿ. ಕೆಳಗಿನವರ ಮುದ್ರೆ ನೆಟ್ಟಗೆ ನಿಲ್ಲಬಾರದು. ಮೇಲಿನವರ ಮುದ್ರೆಯ ಕಡೆಗೆ ಕೊಂಚ ವಾಲಬೇಕು, ತಲೆ ಬಾಗಿದ ಹಾಗೆ. ನಿರ್ದೇಶಕರ ಮುದ್ರೆಯ ಕಡೆಗೆ ಕುಸಾಕಾ-ಸಾನ್ ಅವರ ಮುದ್ರೆಯನ್ನು ಅವಳು ವಾಲಿಸಿ ಒತ್ತುತ್ತಿದ್ದಳು. ಹತ್ತು ವರ್ಷ ಅವರ ಪರವಾಗಿ ತಲೆ ಬಾಗಿದವಳೂ ಅವಳೇ.

ಕುಸಾಕಾ-ಸಾನ್ ಗಿಜುತ್ಸುಶಿ. ಅಂದರೆ ಸರ್ಕಾರದ ಪರೀಕ್ಷೆ ಮುಗಿಸಿ, ಪರವಾನಗಿ ಪಡೆದು, ರಿಜಿಸ್ಟರಿನಲ್ಲಿ ನಂಬರು ಇರುವ ಎಂಜಿನಿಯರ್. ಗೋಡೆ ನಿಲ್ಲುತ್ತದೆ ಎಂದು ಅವರು ಬರೆದರೆ ನಿಲ್ಲುತ್ತದೆ ಎಂದು ಎಲ್ಲರೂ ನಂಬಬೇಕು. ನಿಲ್ಲುವುದಿಲ್ಲ ಎಂದು ಬರೆದರೆ ಕಟ್ಟುವವನು ಕೈ ಕಟ್ಟಿ ನಿಲ್ಲಬೇಕು. ಚಂದ್ರಪ್ರಭಾ ಬರೆದರೆ ಅದು ಬರೀ ಹಾಳೆ.

ಅವಳ ಕೆಲಸ ಗುಡ್ಡಗಳ ತಡೆಗೋಡೆ. ಯೋಕೋಹಾಮಾದಲ್ಲಿ ಗುಡ್ಡಕ್ಕೇನೂ ಬರವಿಲ್ಲ. ಗುಡ್ಡ ಕಡಿದು ಮನೆ ಕಟ್ಟುತ್ತಾರೆ, ಮಣ್ಣು ಜಾರದ ಹಾಗೆ ಗೋಡೆ ನಿಲ್ಲಿಸುತ್ತಾರೆ. ಕಚೇರಿಯ ರಬ್ಬರ್ ಬೂಟುಗಳೆಲ್ಲ ಗಂಡಸರ ಅಳತೆಯವು. ಎರಡು ಜೊತೆ ಕಾಲುಚೀಲ ತುರುಕಿಕೊಂಡು ಅವಳು ಇಳಿಜಾರು ಹತ್ತುತ್ತಿದ್ದಳು. ಟೇಪು ಹಿಡಿದು ಮಂಡಿಯೂರುತ್ತಿದ್ದಳು. ಜನವರಿಯ ಚಳಿಯಲ್ಲಿ ಬೋರ್ ತೆಗೆದ ಮಣ್ಣನ್ನು ಬರಿಗೈಯಲ್ಲಿ ಹಿಸುಕಿ ನೋಡುತ್ತಿದ್ದಳು. ಉಗುರಿನ ಸಂದಿಯ ಕೆಸರು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ನಲವತ್ತಮೂರಕ್ಕೇ ಬಲಗಾಲಿನ ಮಂಡಿ ಮೆಟ್ಟಿಲು ಕಂಡರೆ ಹಲ್ಲು ಕಡಿಯುತ್ತಿತ್ತು.

ಗಿರಾಕಿಗಳ ಸಭೆಯ ದಿನ ನಕ್ಷೆಯ ಕೊಳವೆಗಳನ್ನು ಹೊತ್ತು ಮೂರು ಮಹಡಿ ಹತ್ತುವವಳು ಅವಳು. ಬಾಗಿಲ ಹೊರಗೆ ಕಾರಿಡಾರಿನಲ್ಲಿ ನಿಲ್ಲುವವಳೂ ಅವಳು. ಒಳಗೆ ಯಾರಾದರೂ ಲೆಕ್ಕದ ಪ್ರಶ್ನೆ ಕೇಳಿದರೆ ಕುಸಾಕಾ-ಸಾನ್ ಟಾಯ್ಲೆಟ್ಟಿಗೆಂದು ಏಳುತ್ತಿದ್ದರು. ಹೊರಗೆ ಬಂದು ಅವಳನ್ನು ಕೇಳುತ್ತಿದ್ದರು. ಒಳಗೆ ಹೋಗಿ ಉತ್ತರ ಹೇಳುತ್ತಿದ್ದರು. ಒಂದು ಸಭೆಯಲ್ಲಿ ನಾಲ್ಕು ಸಲ ಎದ್ದಾಗ ಗಿರಾಕಿಯೊಬ್ಬರು "ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿಸಿಕೊಳ್ಳಿ ಕುಸಾಕಾ-ಸಾನ್" ಎಂದರು. ಒಳಗೆ ಎಲ್ಲರೂ ನಕ್ಕರು. ಹೊರಗೆ ಗೋಡೆಗೆ ಒರಗಿ ನಿಂತಿದ್ದ ಚಂದ್ರಪ್ರಭಾಳಿಗೆ ಆ ನಗು ಕೇಳಿಸಿತು.

ಅವಳು ಆ ಕಚೇರಿಯ ನೌಕರಳಲ್ಲ. ಅವಳನ್ನು ಅಲ್ಲಿಗೆ ಬಾಡಿಗೆಗೆ ಕೊಟ್ಟವನು ಕೇಶವ. ಮೈಸೂರಿನವನು. ಓಜಿಮಾದ ಅಪಾರ್ಟ್‌ಮೆಂಟಿನಲ್ಲಿ ಮನೆ, ಜಪಾನಿನ ಕಚೇರಿಗಳಿಗೆ ನಮ್ಮವರನ್ನು ಒದಗಿಸುವ ದಂಧೆ. ಅವನ ಕಾಗದದಲ್ಲಿ ಅವಳು "ನಕ್ಷೆ ಸಹಾಯಕಿ". ದಾವಣಗೆರೆಯ ಕಾಲೇಜಿನ ಸಿವಿಲ್ ಡಿಗ್ರಿ, ಇಲ್ಲಿನ ನೋಮಿ ಊರಿನ ವಿಶ್ವವಿದ್ಯಾಲಯದ ಎರಡು ವರ್ಷ, ಹತ್ತು ವರ್ಷದ ಗೋಡೆಗಳು, ಎಲ್ಲ ಸೇರಿ ಸಹಾಯಕಿ.

ಗಿಜುತ್ಸುಶಿಯ ಮೊದಲ ಹಂತದ ಪರೀಕ್ಷೆಯನ್ನು ಅವಳು ಮೂರು ವರ್ಷದ ಹಿಂದೆಯೇ ಪಾಸು ಮಾಡಿದ್ದಳು. ಮಗಳನ್ನು ಶಾಲೆಗೆ ಕಳಿಸಿ, ರೈಲಿನಲ್ಲಿ ನಿಂತುಕೊಂಡೇ ಓದಿದ್ದು. ಎರಡನೇ ಹಂತಕ್ಕೆ ಕೂರಲು ಅನುಭವ ಪತ್ರ ಬೇಕು. ಇಷ್ಟು ವರ್ಷ ಎಂಜಿನಿಯರ್ ಕೆಲಸ ಮಾಡಿದ್ದಾಳೆ ಎಂದು ಕೆಲಸ ಕೊಟ್ಟವರು ಬರೆದುಕೊಡಬೇಕು. ಪ್ರತಿ ಏಪ್ರಿಲ್‌ನಲ್ಲಿ ಅವಳು ಕೇಶವನನ್ನು ಕೇಳುತ್ತಿದ್ದಳು.

"ಕಾಂಟ್ರಾಕ್ಟಲ್ಲಿ ಸಹಾಯಕಿ ಅಂತಿದೆ ಮೇಡಂ. ನಾನು ಎಂಜಿನಿಯರ್ ಅಂತ ಹೇಗೆ ಬರ್ಕೊಡ್ಲಿ?"

"ಮಾಡ್ತಿರೋದು ಎಂಜಿನಿಯರ್ ಕೆಲಸ ಅಲ್ವಾ ಸರ್."

"ಮಾಡೋದು ಬೇರೆ, ಆಗೋದು ಬೇರೆ. ನಮ್ಮನೆ ಅಡುಗೆಯವಳು ಚೆನ್ನಾಗಿ ಅಡುಗೆ ಮಾಡ್ತಾಳೆ. ಹೋಟೆಲ್ ಓನರ್ ಅಂತ ಬೋರ್ಡ್ ಹಾಕೊಡೋಕಾಗುತ್ತಾ?" ನಕ್ಕ. ಆಮೇಲೆ ದನಿ ತಗ್ಗಿಸಿದ. "ನೋಡಿ, ನಿಮ್ಮವರಿಗೆ ಅಲ್ಲಿ ಸೀಟು ಸಿಕ್ತು. ಇಲ್ಲಿ ಕೆಲಸ ಸಿಕ್ತು. ಯಾರು ತಡೆದ್ರು ಹೇಳಿ? ಇನ್ನೂ ಏನ್ ಬೇಕು?"

ಹತ್ತು ವರ್ಷದಲ್ಲಿ ಅವನು ಅವಳ ಮನೆಯಲ್ಲಿ ಒಂದು ಲೋಟ ನೀರು ಕುಡಿದಿರಲಿಲ್ಲ. ದಾವಣಗೆರೆಯಲ್ಲಿ ಯಾವ ಕಡೆ ಮನೆ ಎಂದು ಮಾತ್ರ ಮೊದಲ ದಿನವೇ ಕೇಳಿ ತಿಳಿದುಕೊಂಡಿದ್ದ.

ಎರಡು ವರ್ಷದ ಹಿಂದೆ ಒಂದು ಗುಡ್ಡಕ್ಕೆ ಹನ್ನೊಂದು ಗೋಡೆಗಳ ಕೆಲಸ ಬಂತು. ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಜಲ್ಲಿ, ಮೂರು ಚದರ ಮೀಟರಿಗೆ ಒಂದರಂತೆ ನೀರು ಹೊರಗೆ ಬರುವ ಕೊಳವೆ, ಇದು ಅವಳ ವಿನ್ಯಾಸ. ಬಡಾವಣೆ ಕಟ್ಟುವವರು ಜಲ್ಲಿ ತೆಗೆದು ತೆಳ್ಳನೆಯ ಹಾಳೆ ಹಾಕುತ್ತೇವೆ, ಕೊಳವೆ ಅರ್ಧಕ್ಕೆ ಇಳಿಸುತ್ತೇವೆ ಎಂದರು. ಅವಳು ಒಂದು ಪುಟ ಟಿಪ್ಪಣಿ ಬರೆದು ಕುಸಾಕಾ-ಸಾನ್ ಮುಂದೆ ಇಟ್ಟಳು.

"ನೀರಿನ ಒತ್ತಡ ಸೊನ್ನೆ ಅಂತ ಹಿಡಿದು ಲೆಕ್ಕ ಮಾಡಿದೀವಿ. ನೀರು ಹೊರಗೆ ಹೋಗದೆ ಇದ್ದರೆ ಆ ಸೊನ್ನೆ ಸುಳ್ಳು."

"ಅಷ್ಟು ಚಿಂತೆ ಬೇಡ ಚಂದ್ರಾ-ಸಾನ್. ಒತ್ತಿ."

ಒತ್ತಿದಳು. ಹನ್ನೊಂದು ನಕ್ಷೆ, ಹನ್ನೊಂದು ಸಲ. ಗೊತ್ತಿದ್ದೂ ಒತ್ತಿದಳು. ಗಂಡ ನಗೋಯಾದಲ್ಲಿ, ಮಗಳು ಎರಡನೇ ಕ್ಲಾಸು, ಕಾಂಟ್ರಾಕ್ಟು ಮುಗಿಯಲು ಆರು ವಾರ. ಕಾರಣಗಳಿದ್ದವು. ಕಾರಣ ಏನೇ ಇರಲಿ, ಒತ್ತಿದ ಕೈ ಅವಳದು.

ಈ ವರ್ಷ ಮಾರ್ಚ್‌ನಲ್ಲಿ ಮೂರು ದಿನ ಬಿಡದೆ ಮಳೆ ಹೊಯ್ದು ಏಳನೇ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಮುಂದಕ್ಕೆ ಬಿತ್ತು. ಕೆಳಗೆ ಪಾರ್ಕಿಂಗ್. ಒಂದು ಖಾಲಿ ಕಾರು ಚಪ್ಪಟೆಯಾಯಿತು. ಯಾರೂ ಸಾಯಲಿಲ್ಲ. ಯಾರೂ ಸಾಯದ ಕಾರಣ ಎಲ್ಲರೂ ಸಮಾಧಾನ ಪಟ್ಟುಕೊಂಡರು.

ಏಪ್ರಿಲ್‌ನ ಎರಡನೇ ಗುರುವಾರ ಅವಳನ್ನು ಸಭೆಯ ಕೋಣೆಗೆ ಕರೆದರು. ಕುಸಾಕಾ-ಸಾನ್ ಇದ್ದರು. ಕೇಶವ ಬಂದಿದ್ದ. ಮೇಜಿನ ಮೇಲೆ ಎರಡು ಕಾಗದ, ಒಂದು ಪುಟ್ಟ ಡಬ್ಬಿ.

"ತೆಗೀರಿ, ನಿಮಗೇ" ಅಂದ ಕೇಶವ.

ಡಬ್ಬಿಯಲ್ಲಿ ಹೊಸ ಮುದ್ರೆ. ತುದಿಯಲ್ಲಿ ಅವಳ ಹೆಸರು. ಹತ್ತು ವರ್ಷದಲ್ಲಿ ಮೊದಲ ಸಲ ಕಚೇರಿ ಅವಳಿಗಾಗಿ ಮಾಡಿಸಿದ ವಸ್ತು.

ಮೊದಲನೇ ಕಾಗದ ಓದಿದಳು. ಏಳನೇ ಗೋಡೆಯ ಲೆಕ್ಕದಲ್ಲಿ ಸಹಾಯಕಿ ತಪ್ಪು ಅಂಕಿ ಹಾಕಿದಳು. ಕುಸಾಕಾ-ಸಾನ್ ಅವರಿಗೆ ತಿಳಿಯದಂತೆ ಅವರ ಮುದ್ರೆ ಬಳಸಿದಳು. ಉಳಿದ ಹತ್ತು ಗೋಡೆಗಳಿಗೂ ಇದಕ್ಕೂ ಸಂಬಂಧವಿಲ್ಲ. ಕ್ಷಮೆ ಕೋರುತ್ತಾಳೆ. ಎರಡನೇ ಕಾಗದ ಅನುಭವ ಪತ್ರ. ಹತ್ತು ವರ್ಷ ಎಂಜಿನಿಯರ್ ಆಗಿ ಕೆಲಸ ಮಾಡಿದ್ದಾಳೆ. ಅದಕ್ಕೆ ಆಗಲೇ ಕೇಶವನ ಮುದ್ರೆ ಬಿದ್ದಿತ್ತು. ಪರೀಕ್ಷೆಗೆ ಅರ್ಜಿ ಹಾಕಲು ಇನ್ನು ಐದು ದಿನ.

ಕುಸಾಕಾ-ಸಾನ್ ಮೇಜು ನೋಡುತ್ತಿದ್ದರು. ಕೇಶವ ಕನ್ನಡದಲ್ಲಿ ಹೇಳಿದ. "ಕೇಸೂ ಇಲ್ಲ, ಗೀಸೂ ಇಲ್ಲ. ಒಳಗಿನ ಫೈಲಿಗೆ ಅಷ್ಟೆ. ಇದನ್ನ ಒತ್ತಿ, ಅದನ್ನ ತಗೊಂಡ್ಹೋಗಿ. ಮುಂದಿನ ವರ್ಷ ನೀವೇ ಗಿಜುತ್ಸುಶಿ. ಹಾಂ, ಸ್ವಲ್ಪ ಎಡಗಡೆ ವಾಲಿಸಿ ಒತ್ತಿ. ಗೊತ್ತಲ್ಲ."

"ಮಿಕ್ಕ ಹತ್ತು ಗೋಡೆ ಸರ್?"

"ನಿಂತಿವೆಯಲ್ಲ."

"ಜೂನ್‌ನಲ್ಲಿ ಮಳೆಗಾಲ ಶುರುವಾಗುತ್ತೆ."

"ಅದು ನಿಮ್ಮ ತಲೆನೋವಲ್ಲ. ಎಂಜಿನಿಯರ್ ಆದ್ಮೇಲೆ ತಲೆ ಕೆಡಿಸ್ಕೊಳ್ಳೀರಂತೆ."

ಅವಳು ನಾಳೆಯವರೆಗೆ ಸಮಯ ಕೇಳಿದಳು. ಎರಡೂ ಕಾಗದದ ಪ್ರತಿ ತೆಗೆದುಕೊಂಡು ಮನೆಗೆ ಹೋದಳು.

ಸಂಜೆ ಅನ್ನಕ್ಕಿಟ್ಟು ಗಂಡ ಬಾಲುಗೆ ಫೋನ್ ಮಾಡಿದಳು. ಬಾಲು ನಗೋಯಾದ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ. ಶನಿವಾರ ಬಂದು ಭಾನುವಾರ ಹೋಗುವವನು. ಕೆಟ್ಟವನಲ್ಲ. ದಣಿದವನು.

"ಒತ್ಬಿಡೇ. ಹತ್ತು ವರ್ಷ ಅವನ ಮುದ್ರೆ ಒತ್ತಿದೀಯ. ಈಗ ನಿಂದೊಂದು ಒತ್ತೋಕೆ ಏನಂತೆ?"

ಅವನು ಹೇಳಿದ್ದು ನಿಜವಾಗಿತ್ತು.

ಊಟದ ಮೇಜಿನ ಮೇಲೆ ಲಾಸ್ಯಾ ಆ ಕಾಗದವನ್ನು ಎಳೆದುಕೊಂಡಿದ್ದಳು. ಮಗಳಿಗೆ ಒಂಬತ್ತು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಕಡಿಮೆ. ಜಪಾನೀ ಅಕ್ಷರಗಳ ಮೇಲೆ ಬೆರಳಿಟ್ಟು ತನಗೆ ಬರುವಷ್ಟು ಓದಿದಳು.

"ಮಮ್ಮಿ, ನಿನ್ ನೇಮ್ ಇದೆ. ವೈ ಆರ್ ಯೂ ಸೇಯಿಂಗ್ ಗೊಮೆನ್ನಾಸಾಯ್, ಸಾರಿ ಅಂತ? ನೀನ್ ಏನ್ ಮಾಡ್ದೆ?"

"ಊಟ ಮಾಡು."

"ಯಾರ್ದಾದ್ರೂ ವಾಲ್ ಬೀಳ್ಸಿದ್ಯಾ?"

"ಮಾಡು ಅಂದ್ನಲ್ಲ."

ಪಾತ್ರೆ ತೊಳೆಯುತ್ತ ನಿಂತವಳಿಗೆ ಅವ್ವ ನೆನಪಾದಳು. ಅವ್ವ ಸಾವಿತ್ರಿ ಗಾರೆ ಕೆಲಸದವಳು. ಊರ ಹೊರಗಿನ ಕಾಲೊನಿಯಿಂದ ಬುತ್ತಿ ಕಟ್ಟಿಕೊಂಡು ಹೋಗಿ ದಿನವಿಡೀ ಕಾಂಕ್ರೀಟಿನ ಬಾಂಡ್ಲಿ ಹೊರುತ್ತಿದ್ದಳು. ಚಂದ್ರಪ್ರಭಾ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಕಲ್ಯಾಣ ಮಂಟಪದ ಸೆಂಟ್ರಿಂಗ್ ಕುಸಿಯಿತು. ಅವ್ವನ ಜೊತೆಯ ಇಬ್ಬರು ಹೆಂಗಸರು ಅಡಿಯಲ್ಲೇ ಹೋದರು. ಉಳಿದವರನ್ನು ಸಾಲಾಗಿ ಕೂರಿಸಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು.

"ಏನಂತ ಬರ್ದಿತ್ತವ್ವಾ?"

"ನಂಗೇನ್ ಗೊತ್ತು? ಒತ್ತು ಅಂದ್ರು, ಒತ್ತಿದ್ನಿ. ಓದಾಕ್ ಬರ್ತಿತ್ತೇನ್ ನಂಗೆ?"

ಬರೆದದ್ದೇನೆಂದು ಆಮೇಲೆ ತಿಳಿಯಿತು. ಕೂಲಿ ಹೆಂಗಸರು ಸಿಮೆಂಟು ಕಡಿಮೆ ಕಲಸಿದ್ದೇ ಕಾರಣ. ಅದೇ ಕಂಟ್ರಾಕ್ಟರ್ ಮರುವರ್ಷ ಆಸ್ಪತ್ರೆ ಕಟ್ಟಿದ. ಸತ್ತ ಇಬ್ಬರನ್ನು ಕೊಂದವರು ಅವರ ಗೆಳತಿಯರೇ ಎಂದು ಸರ್ಕಾರಿ ಕಡತದಲ್ಲಿ ಇಂದಿಗೂ ಇದೆ.

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಚಂದ್ರಪ್ರಭಾಳಿಗೆ ಬರುತ್ತದೆ. ಮೂರು ಭಾಷೆಯಲ್ಲಿ ಬರುತ್ತದೆ. ಅವಳು ಎಂಜಿನಿಯರ್ ಆಗಲು ಹೊರಟದ್ದು ಬಿಳಿ ಅಂಗಿಗಲ್ಲ. ಕೂಡದು ಎಂದು ಬರೆದರೆ ಕೆಲಸ ನಿಲ್ಲಬೇಕು, ಆ ಅಧಿಕಾರಕ್ಕೆ.

ಮರುದಿನ ಅವಳು ನೇರ ಕಚೇರಿಗೆ ಹೋಗಲಿಲ್ಲ. ಬೂಟು ಹಾಕಿಕೊಂಡು ಗುಡ್ಡಕ್ಕೆ ಹೋದಳು. ಹಿಂದಿನ ದಿನ ರಾತ್ರಿಯೆಲ್ಲ ಮಳೆ ಬಂದಿತ್ತು. ಮೂರನೇ ಗೋಡೆ ಒಂದು ಶಿಶುವಿಹಾರದ ಅಂಗಳಕ್ಕೆ ಬೆನ್ನಾಗಿ ನಿಂತಿತ್ತು. ನಾಲ್ಕೂವರೆ ಮೀಟರ್ ಎತ್ತರ. ಬುಡದಲ್ಲಿ ಹಳದಿ ಟೋಪಿಯ ಮಕ್ಕಳು ಮರಳಿನಲ್ಲಿ ಕೂತು ಬಕೆಟ್ಟು ಮಗುಚುತ್ತಿದ್ದವು.

ಮೇಲ್ವಿಚಾರಕಿಗೆ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿ ಒಳಗೆ ಹೋದಳು. ಮಂಡಿಯೂರಿ ಮೊದಲ ಕೊಳವೆಗೆ ಕೈ ಹಾಕಿದಳು. ಒಣಗಿತ್ತು. ಎರಡನೆಯದು ಒಣಗಿತ್ತು. ಕಬ್ಬಿಣದ ಸರಳು ತೂರಿಸಿ ಮೊಣಕೈವರೆಗೆ ತಿವಿದಳು. ತುದಿಗೆ ಜೇಡಿ ಮೆತ್ತಿಕೊಂಡು ಬಂತು. ಹನಿ ನೀರಿಲ್ಲ. ಹದಿನಾಲ್ಕು ಕೊಳವೆಗಳನ್ನೂ ನೋಡಿದಳು. ಮುಂಗೈ ತರಚಿ ರಕ್ತ ಬಂತು. ರಾತ್ರಿಯೆಲ್ಲ ಸುರಿದ ಮಳೆ ಒಂದು ಕೊಳವೆಯಿಂದಲೂ ತೊಟ್ಟಿಕ್ಕುತ್ತಿರಲಿಲ್ಲ. ಅಷ್ಟೂ ನೀರು ಗೋಡೆಯ ಹಿಂದೆ ನಿಂತಿತ್ತು. ಕಾಂಕ್ರೀಟಿಗೆ ಅಂಗೈ ಒತ್ತಿದಳು. ಐಸಿನ ಹಾಗೆ ತಣ್ಣಗಿತ್ತು.

ಒಂದು ಮಗು ಹತ್ತಿರ ಬಂದು ಅವಳ ಕೈ ನೋಡಿತು. "ಒಬಾಸಾನ್, ನೋವಾಗುತ್ತಾ?"

"ಆಗುತ್ತೆ" ಎಂದಳು.

ಎದ್ದವಳು ಮೇಲ್ವಿಚಾರಕಿಯ ಬಳಿ ಹೋಗಿ, ಮಳೆ ಬಂದ ದಿನ ಮಕ್ಕಳನ್ನು ಈ ಅಂಗಳಕ್ಕೆ ಬಿಡಬೇಡಿ, ಗೋಡೆಯ ಹಿಂದೆ ನೀರು ನಿಂತಿದೆ ಎಂದಳು. ಆಕೆ ಅವಳ ಕೆಸರು ಬೂಟು ನೋಡಿದಳು. "ನೀವು ಎಂಜಿನಿಯರಾ?" ಎಂದು ಕೇಳಿದಳು.

ಚಂದ್ರಪ್ರಭಾ ಬಾಯಿ ತೆರೆದಳು. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಅದಕ್ಕಿಂತ ದೊಡ್ಡ ಸುಳ್ಳು.

"ಈ ಗೋಡೆಯ ಲೆಕ್ಕ ಮಾಡಿದವಳು" ಎಂದಳು.

ಹನ್ನೆರಡು ಗಂಟೆಗೆ ಅದೇ ಬೂಟಿನಲ್ಲಿ ಸಭೆಯ ಕೋಣೆಗೆ ನುಗ್ಗಿದಳು. ಕಾರ್ಪೆಟ್ಟಿನ ಮೇಲೆ ಕೆಸರು. ಕುಸಾಕಾ-ಸಾನ್ ಅವರ ಮುದ್ರೆಯನ್ನು ಅವರ ಮುಂದೆ ಇಟ್ಟಳು. ಪಕ್ಕದಲ್ಲಿ ಎರಡು ವರ್ಷದ ಹಿಂದಿನ ಅವಳ ಟಿಪ್ಪಣಿ. ಅದರ ಕೆಳಗೆ ಈಗ ತಾನೇ ರೈಲಿನಲ್ಲಿ ಬರೆದ ನಾಲ್ಕು ಸಾಲು: ಹನ್ನೊಂದೂ ಗೋಡೆಗಳ ವಿನ್ಯಾಸದಲ್ಲಿ ದೋಷವಿದೆ. ಮಳೆಗಾಲಕ್ಕೆ ಮುಂಚೆ ಕೆಳಗಿನ ಜನರನ್ನು ತೆರವು ಮಾಡಿಸಬೇಕು.

"ಇದು ನಿಮ್ಮ ಮುದ್ರೆ. ಇದಕ್ಕೆ ನೀವೇ ಒತ್ತಿ" ಎಂದಳು ಜಪಾನಿಯಲ್ಲಿ. "ನಾನು ಮೂರನೇ ಗೋಡೆಗೆ ಕೈ ಹಾಕಿ ಬಂದೆ. ನೀವು ಒಂದು ಸಲವೂ ಆ ಗುಡ್ಡ ಹತ್ತಿಲ್ಲ. ಆದರೂ ಒತ್ತಿ. ನೀವು ಒತ್ತಿದರೆ ನಾಳೆಯೇ ಆ ಅಂಗಳಕ್ಕೆ ಬೀಗ ಬೀಳುತ್ತೆ."

ಕುಸಾಕಾ-ಸಾನ್ ಮುದ್ರೆ ಎತ್ತಿಕೊಂಡರು. ತಿರುಗಿಸಿ ನೋಡಿದರು. ಅದರ ಅಂಚು ಅವಳ ಬೆರಳಿಗೆ ಸವೆದಿತ್ತು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಮನುಷ್ಯ.

"ಕಷ್ಟವಾಗುತ್ತೆ ಚಂದ್ರಾ-ಸಾನ್" ಎಂದರು. ಮುದ್ರೆಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು.

ಕೇಶವ ಎದ್ದು ನಿಂತ. "ಏನ್ ನಾಟಕ ಇದು? ನಿನಗೆ ತಲೆ ಕೆಟ್ಟಿದ್ಯಾ? ಎಲ್ಲಿಂದ ಬಂದೆ ಅನ್ನೋದನ್ನ ಮರೀಬಾರ್ದು."

"ನೀನು ಅಲ್ಲ, ನೀವು ಅನ್ನಿ ಸರ್. ಹತ್ತು ವರ್ಷ ಅಂದಿದೀರ, ಬಾಯಿಗೆ ರೂಢಿಯಿದೆ."

"ಲೈಸೆನ್ಸ್ ಕೊಡ್ತೀನಿ ಅಂತ ಕೈಗೆ ತಂದಿಟ್ರೆ..."

"ಲೈಸೆನ್ಸ್ ಕೊಡೋಕೆ ನೀವ್ಯಾರು? ಹತ್ತು ವರ್ಷ ನಾನು ಮಾಡಿದ ಕೆಲಸ ನಿಜಾನೋ ಸುಳ್ಳೋ? ನಿಜ ಆಗಿದ್ರೆ ಮೂರು ವರ್ಷದ ಹಿಂದೇನೇ ಬರ್ದು ಕೊಡ್ಬೇಕಿತ್ತು. ಸುಳ್ಳಾಗಿದ್ರೆ ಇವತ್ತು ಯಾಕೆ ಕೊಡ್ತಿದೀರ?"

"ಜೂನ್‌ಗೆ ಕಾಂಟ್ರಾಕ್ಟ್ ಮುಗಿಯುತ್ತೆ. ನಾನು ಬರೀಲಿಲ್ಲ ಅಂದ್ರೆ ನಿನ್ ವೀಸಾನೂ ಮುಗಿಯುತ್ತೆ. ಅಲ್ಲಿ ಹೋಗಿ ಅಮ್ಮನ ಜೊತೆ ಬಾಂಡ್ಲಿ ಹೊರು."

"ನಮ್ಮವ್ವ ಹೊತ್ತ ಬಾಂಡ್ಲಿ ಯಾರ ತಲೆ ಮೇಲೂ ಹಾಕ್ಲಿಲ್ಲ ಸರ್. ನೀವು ಹಾಕ್ತಿರೋದು ಮಕ್ಕಳ ತಲೆ ಮೇಲೆ."

ಹೊಸ ಮುದ್ರೆಯ ಡಬ್ಬಿಯನ್ನು ಅವನ ಕಡೆ ತಳ್ಳಿದಳು. ಅನುಭವ ಪತ್ರ ಅಲ್ಲೇ ಬಿದ್ದಿತ್ತು. ಅವಳ ಹೆಸರು, ಅದರ ಮುಂದೆ ಎಂಜಿನಿಯರ್ ಎಂಬ ಪದ. ಒಂದು ಕ್ಷಣ ನೋಡಿದಳು. ಅದು ಬೇಕಿತ್ತು ಅವಳಿಗೆ. ಮುಟ್ಟಲಿಲ್ಲ. ತನ್ನ ಟಿಪ್ಪಣಿಯನ್ನೂ ಕಚೇರಿಯ ಗುರುತಿನ ಚೀಟಿಯನ್ನೂ ಕೈಯಲ್ಲಿ ಹಿಡಿದು ಹೊರಗೆ ಬಂದಳು. ಚೀಟಿಯನ್ನು ಬಾಗಿಲ ಬಳಿ ಬಿಟ್ಟಳು.

ಆ ಗುಡ್ಡದ ಭಾಗಕ್ಕೆ ಸೇರಿದ ವಾರ್ಡ್ ಕಚೇರಿಗೆ ತಲುಪುವಾಗ ನಾಲ್ಕೂವರೆ. ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಟಿಪ್ಪಣಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮರ್ಯಾದೆಯಿಂದ ಕೇಳಿದಳು.

"ನಿಮ್ಮ ಪರವಾನಗಿ ನಂಬರು?"

"ಇಲ್ಲ."

"ಗಿಜುತ್ಸುಶಿ ಅಲ್ಲವೇ?"

"ಅಲ್ಲ."

"ಸುಮಿಮಾಸೆನ್. ಹಾಗಿದ್ದರೆ ಇದನ್ನು ಎಂಜಿನಿಯರ್ ವರದಿ ಅಂತ ತೆಗೆದುಕೊಳ್ಳೋಕೆ ಬರಲ್ಲ. ನಾಗರಿಕರ ಅಹವಾಲು ಅಂತ ಬೇಕಾದರೆ ಕೊಡಬಹುದು."

ಆ ಹೆಂಗಸು ಒಂದು ಫಾರಂ ಕೊಟ್ಟಳು. ಪಕ್ಕದ ಮನೆಯ ನಾಯಿ ಬೊಗಳಿದರೆ, ಕಾಗೆಗಳು ಕಸದ ಚೀಲ ಹರಿದರೆ, ತುಂಬುವ ಫಾರಂ. ಯಾವ ತೊಂದರೆ ಎಂಬ ಕಡೆ ಒಂದಕ್ಕೆ ಗುರುತು ಹಾಕಬೇಕು. ಶಬ್ದ. ವಾಸನೆ. ಕಸ. ಇತರೆ.

ಚಂದ್ರಪ್ರಭಾ ಇತರೆಗೆ ಗುರುತು ಹಾಕಿದಳು. ಮೂರನೇ ಗೋಡೆ ಎಂದು ಬರೆದಳು. ಎತ್ತರ ಬರೆದಳು. ಹದಿನಾಲ್ಕು ಕೊಳವೆ, ಹದಿನಾಲ್ಕೂ ಒಣ. ನೀರಿನ ಒತ್ತಡದ ಲೆಕ್ಕವನ್ನು ಅಂಚಿನಲ್ಲಿ ಮಾಡಿ ತೋರಿಸಿದಳು. ಕೆಳಗೆ ಆಡುವ ಮಕ್ಕಳು ಇಷ್ಟು ಜನ ಎಂದು ಬರೆದಳು. ತರಚಿದ ಕೈಯಿಂದ ಹಾಳೆಗೆ ಅಲ್ಲಲ್ಲಿ ಕಂದು ಕಲೆಯಾಯಿತು. ಕೊನೆಯ ಸಾಲು: ಈ ನಕ್ಷೆ ತಪ್ಪು ಎಂದು ಗೊತ್ತಿದ್ದೂ ಬೇರೊಬ್ಬರ ಮುದ್ರೆಯನ್ನು ಒತ್ತಿದವಳು ನಾನು.

ಹೆಂಗಸು ಆ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟಳು. ದನಿ ತಗ್ಗಿಸಿದಳು. "ಇದನ್ನು ಬರೆಯಲೇಬೇಕು ಅಂತೇನಿಲ್ಲ. ಇದನ್ನು ಬರೆದರೆ ಮುಂದೆ ನಿಮಗೆ ಪರವಾನಗಿ ಸಿಗೋದು ಕಷ್ಟ."

"ಇರಲಿ. ಆ ಸಾಲಿಲ್ಲದಿದ್ದರೆ ಇದೂ ನಾಯಿ ಬೊಗಳಿದ ದೂರೇ ಆಗುತ್ತೆ."

ಹೆಂಗಸು ಅವಳ ಮುಖ ನೋಡಿದಳು. ಫಾರಂ ತನ್ನ ಕಡೆ ಎಳೆದುಕೊಂಡಳು. "ಸರಿ. ಇದು ಆಯಿತು."

"ಆಗಿಲ್ಲ. ಇನ್ನೂ ಹತ್ತು ಫಾರಂ ಕೊಡಿ."

"ಒಂದೇ ಜಾಗದ ದೂರಿಗೆ ಒಂದು ಫಾರಂ ಸಾಕು."

"ಬಿದ್ದದ್ದೂ ಸೇರಿ ಹನ್ನೊಂದು ಗೋಡೆ. ಒಂದಕ್ಕೆ ಬರೆದರೆ ಒಂದನ್ನೇ ನೋಡ್ತಾರೆ. ನನಗೆ ಗೊತ್ತು. ಹತ್ತು ಕೊಡಿ."

"ಐದೂಕಾಲಿಗೆ ಕಚೇರಿ ಮುಚ್ಚುತ್ತೆ."

ಚಂದ್ರಪ್ರಭಾ ಗಡಿಯಾರ ನೋಡಲಿಲ್ಲ. ಕೈ ಚಾಚಿ ನಿಂತಳು. ಹೆಂಗಸು ಎದ್ದು ಒಳಗಿನ ಕಪಾಟಿನಿಂದ ಫಾರಂಗಳ ಕಟ್ಟು ತಂದು, ಎಣಿಸದೆ, ಇಡೀ ಕಟ್ಟನ್ನೇ ಅವಳ ಮುಂದೆ ಇಟ್ಟಳು.